ಹೂರಣದ ವಿಚಾರ

ಕಳೆದ ಯುಗಾದಿಯಂದು ನಮ್ಮ ಮನೆಯ ಪಂಕ್ತಿಯಲ್ಲಿ ಹುಟ್ಟಿದ ಒಂದು ಸಣ್ಣ ಪ್ರಶ್ನೆಯು ನಮ್ಮನ್ನು ಹಳೆಯ ಗ್ರಂಥಗಳವರೆಗೂ ಎಳೆದೊಯ್ದಿತು. ಪ್ರಶ್ನೆಯನ್ನು ಕಡೆಗೆ ಹೇಳುವೆವು. ಹೋಳಿಗೆಯ ಪೂರ್ವೋತ್ತರವನ್ನು ಮೊದಲು ವಾಚಕರ ಮುಂದಿಡುವುದು ಯುಕ್ತವಾಗಿದೆ.

ಹೂರಣವೆಂಬುದು ಸಂಸ್ಕೃತದ 'ಪೂರಣ', ತುಂಬುವುದು ಎಂದರ್ಥ. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪೂರಣವು ಕನ್ನಡಿಗರ ಬಾಯಲ್ಲಿ ಹೂರಣವಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೋಧಿಯ ಭಕ್ಷ್ಯಗಳ ನಡುವೆ 'ಪೋಳಿಕಾ' ಎಂಬ ಹೆಸರುಂಟು. ಅದು ನಮ್ಮ ಹೋಳಿಗೆಯ ಬಂಧುವೆಂದು ಕಿವಿಯೇ ಹೇಳುತ್ತದೆ. 1508ರ ಸುಮಾರಿಗೆ ಮೂರನೆಯ ಮಂಗರಸನು ಕನ್ನಡದಲ್ಲಿ ಸೂಪಶಾಸ್ತ್ರವನ್ನೇ ಪದ್ಯರೂಪವಾಗಿ ಬರೆದನು. ಛಂದಸ್ಸೆಂದರೆ ಬೆದರುತ್ತಿದ್ದ ನಮ್ಮ ಶಿಷ್ಯರಿಗೆ ಅಡಿಗೆಯ ಪದ್ಯಗಳಿಂದ ಪಾಠವನ್ನು ಆರಂಭಿಸಬೇಕಾಗಿತ್ತೆಂದು ಈಗ ತೋರುತ್ತದೆ.

ಹಿಟ್ಟಿನ ಹೊದಿಕೆಯೊಳಗೆ ರುಚಿಯನ್ನು ಅಡಗಿಸುವ ಬುದ್ಧಿಯು ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡಿನವರ 'ಪೈ' ಎಂಬ ಭಕ್ಷ್ಯವೂ ಇದೇ ಕುಲದ್ದು. (ಹಿಂದಿನ ಕಾಲದ ಪೈ ಕಾಸು ಬೇರೆ.) ಮಧ್ಯಯುಗದಲ್ಲಿ ಅದರ ಹೊದಿಕೆಯು ಬಹು ದಪ್ಪ, ಬೇಯಿಸುವ ಪಾತ್ರೆಯ ಕೆಲಸವನ್ನೂ ಅದೇ ಮಾಡುತ್ತಿತ್ತು. ಅದನ್ನು ಅವರು 'ಕಾಫಿನ್' ಎನ್ನುತ್ತಿದ್ದರು, ಎಂದರೆ ಪೆಟ್ಟಿಗೆ. ಈಗ ಆ ಶಬ್ದಕ್ಕೆ ಶವದ ಪೆಟ್ಟಿಗೆಯೆಂಬ ಅರ್ಥವೇ ಉಳಿದಿದೆ. ಒಳಗೆ ತುಂಬುತ್ತಿದ್ದುದು ಹೆಚ್ಚಾಗಿ ಮಾಂಸ. ಸೇಬು ಮುಂತಾದ ಹಣ್ಣುಗಳೂ ಉಂಟು. ನಮ್ಮ ಕಣಕದ ಧರ್ಮವು ಇದಕ್ಕೆ ವಿರುದ್ಧ. ಒಳಗಿನ ಹೂರಣದ ಬಣ್ಣವು ಹೊರಗೆ ಕಾಣುವಷ್ಟು ಅದು ತೆಳುವಾಗಿರಬೇಕು, ಆದರೂ ಹರಿಯಕೂಡದು.

ಹೂರಣದ ಆಯ್ಕೆಯಲ್ಲಿ ಮಾತ್ರ ಒಮ್ಮತವಿಲ್ಲ. ಬೇಳೆಯವರು, ಕಾಯಿಯವರು ಎಂದು ಎರಡು ಪಕ್ಷ. ಬೇಳೆಯಲ್ಲಿ ಮತ್ತೆ ಎರಡು. ಸಂಕ್ರಾಂತಿಗೆ ಉತ್ತರ ಕರ್ನಾಟಕದಲ್ಲಿ ಎಳ್ಳಿನ ಹೋಳಿಗೆ, ಶೇಂಗಾ ಹೋಳಿಗೆ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದ ಬೆಳೆ, ಸೋಮೇಶ್ವರನಿಗೆ ಅದು ದೊರೆತಿರಲಾರದು; ಆದರೆ ಈ ಹೋಳಿಗೆಯನ್ನು ಪರದೇಶದ್ದೆಂದು ಅಲ್ಲಿಯವರ ಮುಂದೆ ಹೇಳುವ ಧೈರ್ಯ ನಮಗಿಲ್ಲ. ಈಚೆಗೆ ಅಂಗಡಿಗಳಲ್ಲಿ ಖರ್ಜೂರ, ಕ್ಯಾರೆಟ್, ಅನಾನಸುಗಳೂ ಕಣಕದೊಳಗೆ ಸೇರಿಕೊಂಡಿವೆ.

ನಮ್ಮ ತಾಯಿಯವರು ಮೈಸೂರಿನ ಕಡೆಯವರು. ಅವರಿಗೆ ತೊಗರಿಬೇಳೆಯ ಒಬ್ಬಟ್ಟೇ ಒಬ್ಬಟ್ಟು. ಎಣ್ಣೆಯಲ್ಲಿ ನೆನೆದ ಕಣಕ, ಬಾಳೆಯೆಲೆಯ ಮೇಲೆ ಕೈಯಿಂದಲೇ ತಟ್ಟುವುದು. ನಮ್ಮ ಮನೆಯವರ ತವರು ಧಾರವಾಡ. ಅಲ್ಲಿ ಕಡಲೆಬೇಳೆ, ಗೋಧಿಹಿಟ್ಟು, ಲಟ್ಟಣಿಗೆ. ವಿವಾಹವಾದ ಹೊಸದರಲ್ಲಿ ಹಬ್ಬ ಬಂತೆಂದರೆ ಪೂರ್ವಪಕ್ಷ ಸಿದ್ಧಾಂತಗಳು ಒಲೆಯ ಮುಂದೆಯೇ ನಡೆಯುತ್ತಿದ್ದವು. ನಾವು ಎರಡನ್ನೂ ಹೊಗಳಿ ಇಬ್ಬರ ಅಸಮಾಧಾನಕ್ಕೂ ಪಾತ್ರರಾದೆವು. ಕಡೆಗೆ ಯುಗಾದಿಗೆ ತೊಗರಿ, ಹೋಳಿಹುಣ್ಣಿಮೆಗೆ ಕಡಲೆ ಎಂದು ಅವರವರೇ ಸಂಧಿ ಮಾಡಿಕೊಂಡರು.

ಈ ಯುಗಾದಿಗೆ ನಮ್ಮ ಮನೆಯವರು ಮಗಳ ಬಾಣಂತನಕ್ಕೆಂದು ಪರವೂರಿನಲ್ಲಿದ್ದರು. ಸೊಸೆ ಉದ್ಯೋಗಕ್ಕೆ ಹೋಗುವವಳು. ಅಂಗಡಿಯಿಂದ ಒಬ್ಬಟ್ಟು ತಂದು ತುಪ್ಪ ಹಾಕಿ ಬಡಿಸಿದಳು. ಚೆನ್ನಾಗಿಯೇ ಇತ್ತು. ಎಂಬತ್ತೈದು ದಾಟಿದ ನಮ್ಮ ತಾಯಿಯವರು ಒಂದನ್ನು ತಿಂದು, "ಒಬ್ಬಟ್ಟು ಚೆನ್ನಾಗಿದೆ ಕಣಮ್ಮ. ಸಾರೆಲ್ಲಿ?" ಎಂದರು.

ಯಾರೂ ಮಾತನಾಡಲಿಲ್ಲ. ಬೇಳೆ ಬೇಯಿಸಿ ಬಸಿದ ಕಟ್ಟಿಗೆ ಹುಣಿಸೆಹಣ್ಣು, ಸಾರಿನಪುಡಿ, ಒಂದು ಉಂಡೆ ಹೂರಣ ಸೇರಿಸಿ ಒಗ್ಗರಣೆ ಕೊಟ್ಟರೆ ಒಬ್ಬಟ್ಟಿನ ಸಾರು. ಮರುದಿನಕ್ಕೆ ಅದು ಇನ್ನೂ ರುಚಿ. ಒಬ್ಬಟ್ಟನ್ನು ಕೊಂಡು ತಂದ ಮನೆಗೆ ಬೇಳೆಯ ಕಟ್ಟು ಎಲ್ಲಿಂದ ಬರಬೇಕು?

ಮುಂದಿನ ಭಾನುವಾರ ಸೊಸೆಯು ತಾನಾಗಿಯೇ, "ಅಜ್ಜಿ, ನೀವು ಹೇಳಿ, ನಾನು ಮಾಡುತ್ತೇನೆ" ಎಂದಳು. ಬರೆದುಕೊಳ್ಳುವ ಭಾರ ನಮ್ಮದಾಯಿತು. ಬೇಳೆ ಎಷ್ಟೆಂದರೆ, ಒಂದು ಪಾವು. ನೀರೆಷ್ಟೆಂದರೆ, ಬೇಳೆಯ ಮೇಲೆ ನಾಲ್ಕು ಬೆರಳು. ಬೆಲ್ಲವೆಷ್ಟೆಂದರೆ, "ನಿಮ್ಮಪ್ಪನಿಗೆ ಹಿಡಿಸುವಷ್ಟು." ನಮ್ಮ ತಂದೆಯವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು. ನಾವು ಅದನ್ನು ಹಾಗೆಯೇ ಬರೆದೆವು.

ಬೇಳೆ ಎಷ್ಟು ಬೇಯಬೇಕೆಂದು ಕೇಳಿದ್ದಕ್ಕೆ ತಾಯಿಯವರು ಉತ್ತರ ಹೇಳಲಿಲ್ಲ. ಎದ್ದು ಒಲೆಯ ಬಳಿಗೆ ಬಂದು, ಸೌಟಿನಿಂದ ಒಂದು ಕಾಳು ತೆಗೆದು ಸೊಸೆಯ ಬೆರಳುಗಳ ನಡುವೆ ಇಟ್ಟು, ಮೇಲೆ ತಮ್ಮ ನಡುಗುವ ಬೆರಳಿನಿಂದ ಒತ್ತಿ, "ಇಷ್ಟು" ಎಂದರು. ನಾವು ಲೇಖನಿಯನ್ನು ಕೆಳಗಿಟ್ಟೆವು.

ಅಂದಿನ ಒಬ್ಬಟ್ಟುಗಳಲ್ಲಿ ನಾಲ್ಕು ಹರಿದವು. ಸಾರಿನಲ್ಲಿ ಹುಳಿ ಸ್ವಲ್ಪ ಮುಂದಾಗಿತ್ತು. ನಮ್ಮ ತಾಯಿಯವರು ಎರಡನೆಯ ಸಲವೂ ಹಾಕಿಸಿಕೊಂಡರು.