ಗಡ್ಡದ ಚಿಕಿತ್ಸೆ ಶೋಕಿಯಲ್ಲ, ಹಕ್ಕು

ಲಿಂಗ ಪರಿವರ್ತನೆಯ ಚಿಕಿತ್ಸೆಗೆ ಸರ್ಕಾರದ ಹಣ ಯಾಕೆ ಎಂಬ ತಕರಾರು ಇನ್ನೂ ತಣ್ಣಗಾಗಿಲ್ಲ. ಶಸ್ತ್ರಚಿಕಿತ್ಸೆ, ಹಾರ್ಮೋನುಗಳನ್ನು ಒಪ್ಪುವವರು ಕೂಡ ಗಡ್ಡ ಮೀಸೆಯ ಕೂದಲನ್ನು ಶಾಶ್ವತವಾಗಿ ತೆಗೆಸುವ ಮಾತು ಬಂದರೆ ಅದು ಬ್ಯೂಟಿ ಪಾರ್ಲರಿನ ಕೆಲಸ ಎಂದು ತಳ್ಳಿಹಾಕುತ್ತಾರೆ. ಆದರೆ 2019ರಲ್ಲಿ ಸಂಸತ್ತು ಒಪ್ಪಿದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯ 15ನೇ ಕಲಮು, ವಿಮೆಯ ನೆರವು ಸಿಗಬೇಕಾದ ಚಿಕಿತ್ಸೆಗಳ ಸಾಲಿನಲ್ಲಿ ಶಸ್ತ್ರಚಿಕಿತ್ಸೆ, ಹಾರ್ಮೋನುಗಳ ಜೊತೆ ಲೇಸರ್ ಚಿಕಿತ್ಸೆಯನ್ನೂ ಹೆಸರಿಸಿದೆ. ಮುಖದ ಕೂದಲು ಆರೋಗ್ಯದ ವಿಷಯವೆಂದು ಕಾನೂನೇ ಒಪ್ಪಿದ ಮೇಲೆ ಉಳಿದಿರುವ ಪ್ರಶ್ನೆ ಒಂದೇ: ಲೇಸರ್ ಒಂದೇ ಸಾಕೆ?

ಸಾಲದು. ಹರೆಯದಲ್ಲಿ ಒಮ್ಮೆ ಬಲಿತ ಗಡ್ಡವನ್ನು ಈಸ್ಟ್ರೋಜೆನ್ ಅಳಿಸಲಾರದು. ಬೆಳವಣಿಗೆ ತುಸು ನಿಧಾನವಾಗಬಹುದು, ಅಷ್ಟೆ. ಲೇಸರ್ ಬೆಳಕು ಹುಡುಕುವುದು ಕೂದಲಿನ ಕಪ್ಪು ಬಣ್ಣವನ್ನು. ಹಾಗಾಗಿ ನರೆತ ಕೂದಲಿಗೆ ಅದು ನಾಟುವುದಿಲ್ಲ. ನಮ್ಮ ಸೀಮೆಯವರ ಕಂದು, ಕಪ್ಪು ಚರ್ಮವೂ ಅದೇ ಬೆಳಕನ್ನು ಹೀರಿಕೊಳ್ಳುವುದರಿಂದ ತಕ್ಕ ಯಂತ್ರವಿಲ್ಲದಿದ್ದರೆ ಸುಟ್ಟ ಗಾಯ, ಕಪ್ಪು ಕಲೆ ಉಳಿಯುವ ಅಪಾಯವಿದೆ. ಎಲೆಕ್ಟ್ರೋಲಿಸಿಸ್‌ಗೆ ಈ ಬಣ್ಣದ ಕಟ್ಟಿಲ್ಲ. ಎಳೆಯಷ್ಟು ತೆಳ್ಳಗಿನ ಸೂಜಿಯನ್ನು ಕೂದಲಿನ ಬುಡಕ್ಕಿಳಿಸಿ, ವಿದ್ಯುತ್ತಿನ ಬಿಸಿಯಿಂದಲೋ ಅಲ್ಲಿ ಉಂಟಾಗುವ ಕ್ಷಾರದಿಂದಲೋ ಬೇರನ್ನೇ ನಾಶ ಮಾಡುವ ವಿಧಾನ ಇದು. ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್ 1875ರಲ್ಲಿ ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲಿಗೆ ಇದನ್ನು ಬಳಸಿದ್ದು ದಾಖಲಾಗಿದೆ. ಹುಟ್ಟಿದ್ದೇ ವೈದ್ಯರ ಕೈಯಲ್ಲಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಲೇಸರ್‌ಗೆ ಕೂದಲನ್ನು ಕಡಿಮೆ ಮಾಡುತ್ತದೆ ಎಂದು ಹೇಳಿಕೊಳ್ಳಲು ಮಾತ್ರ ಬಿಡುತ್ತದೆ. ಶಾಶ್ವತವಾಗಿ ತೆಗೆಯುತ್ತದೆ ಎಂಬ ಮಾತು ಎಲೆಕ್ಟ್ರೋಲಿಸಿಸ್‌ಗೆ ಸಲ್ಲುತ್ತದೆ.

ವಿಜಯಪುರದಂಥ ಜಿಲ್ಲೆಗೆ ಇದು ಮುಖ್ಯವಾಗುವುದು ದೂರದ ಕಾರಣಕ್ಕೆ. ಶಸ್ತ್ರಚಿಕಿತ್ಸೆಗೆಂದು ಸಾಲ ಮಾಡಿಯಾದರೂ ಬೆಂಗಳೂರಿಗೆ ಹೋಗಿಬರಬಹುದು. ಎಲೆಕ್ಟ್ರೋಲಿಸಿಸ್ ಹಾಗಲ್ಲ, ಒಂದೊಂದೇ ಕೂದಲಿಗೆ ಸೂಜಿ ಹಾಕುವ ಈ ಕೆಲಸ ಇಡೀ ಮುಖಕ್ಕೆ ನೂರಾರು ತಾಸು ಹಿಡಿಯಬಹುದು, ಒಂದೆರಡು ವರ್ಷ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ: ಕೂದಲು ಹಿಡಿತಕ್ಕೆ ಸಿಗಬೇಕೆಂದರೆ ಚಿಕಿತ್ಸೆಗೆ ಎರಡು ಮೂರು ದಿನ ಮುಂಚೆ ಕ್ಷೌರ ಮಾಡುವಂತಿಲ್ಲ. ಸೀರೆಯುಟ್ಟು, ಕುರುಚಲು ಗಡ್ಡದೊಂದಿಗೆ ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಸ್ಸಿನಲ್ಲಿ ಬರುವವರ ಮೇಲೆ ಬೀಳುವ ಕಣ್ಣುಗಳನ್ನು ಊಹಿಸಿಕೊಳ್ಳಿ. ಜಿಲ್ಲಾ ಕೇಂದ್ರದವರೆಗೆ ಆ ಪಾಡು ತಡೆದುಕೊಳ್ಳಬಹುದು; ಬೆಂಗಳೂರಿನವರೆಗೆ, ಅದೂ ಪದೇ ಪದೇ, ತಡೆದುಕೊಳ್ಳಿ ಎನ್ನುವುದು ಚಿಕಿತ್ಸೆಯನ್ನೇ ನಿರಾಕರಿಸಿದಂತೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣ ಕೊಟ್ಟಿದೆ. ಬಸ್ಸು ಇಳಿದ ಊರಿನಲ್ಲಿ ಚಿಕಿತ್ಸೆ ಸಿಗದಿದ್ದರೆ ಆ ಟಿಕೆಟ್ಟಿನಿಂದ ಇವರಿಗೇನು ಬಂತು?

ಬಾಣಂತಿಯರಿಗೆ, ಡಯಾಲಿಸಿಸ್ ರೋಗಿಗಳಿಗೇ ಹಾಸಿಗೆ ಸಾಲದಿರುವಾಗ ಇದೇಕೆ ಎಂದು ಕೇಳುವವರ ಕಳಕಳಿಯನ್ನು ಹಗುರ ಮಾಡಲಾರೆ. ಆದರೆ ಇದಕ್ಕೆ ಹಾಸಿಗೆ ಬೇಡ, ಶಸ್ತ್ರಚಿಕಿತ್ಸಾ ಕೊಠಡಿ ಬೇಡ. ಬೇಕಾದದ್ದು ಒಂದು ಚಿಕ್ಕ ಯಂತ್ರ, ಒಬ್ಬರಿಗೆ ಒಮ್ಮೆ ಬಳಸಿ ಬಿಸಾಡುವ ಸೂಜಿಗಳು, ತರಬೇತಿ ಪಡೆದ ಕೈ. ಕೈ ಪಳಗಿಲ್ಲದಿದ್ದರೆ ಮುಖದ ಮೇಲೆ ಕಲೆ ಬೀಳುತ್ತದೆ, ಅದಕ್ಕೇ ಇದು ಚರ್ಮರೋಗ ವಿಭಾಗದ ನಿಗಾದಲ್ಲಿ ನಡೆಯಬೇಕು. ಪಿಸಿಒಡಿಯಿಂದ ಗಲ್ಲದ ಮೇಲೆ ಕೂದಲು ಬೆಳೆದು ಮದುವೆಮನೆಗೂ ಹೋಗಲು ಹಿಂಜರಿಯುವ ಹೆಣ್ಣುಮಕ್ಕಳಿಗೂ ಅದೇ ಯಂತ್ರ ಒದಗುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ: ಸೀರೆಯುಟ್ಟು ಸವದತ್ತಿ ಯಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಗಳನ್ನು ಯಾವ ಯಂತ್ರವೂ ಇಲ್ಲದ ಕಾಲದಿಂದ ಕಂಡ ಸೀಮೆ ಇದು, ಗಡ್ಡವಿಲ್ಲದ ಮುಖವೇ ಹೆಣ್ಣಿನ ಮುಖ ಎಂದು ನೀವೇ ಸಾರಿದಂತಾಗಲಿಲ್ಲವೇ? ಇಲ್ಲ. ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಎತ್ತಿಹಿಡಿದಾಗ ಶಸ್ತ್ರಚಿಕಿತ್ಸೆಯ ಷರತ್ತನ್ನೇ ಒಪ್ಪಲಿಲ್ಲ. ಇನ್ನು ಗಡ್ಡದ ಷರತ್ತೆಲ್ಲಿ? ಬೇಡವೆನ್ನುವವರನ್ನು ಯಾರೂ ಒತ್ತಾಯಿಸಬಾರದು. ಬೇಕೆನ್ನುವವರು ಚಿಮುಟದಿಂದ ಕಿತ್ತು ಕಿತ್ತು ಮುಖ ಹುಣ್ಣು ಮಾಡಿಕೊಳ್ಳುವಂತೆಯೂ ಆಗಬಾರದು.

ವಿಜಯಪುರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು, ಖಾಸಗಿ ಸಹಭಾಗಿತ್ವ ಬೇಡ ಎಂದು ಬೀದಿಗಿಳಿದ ಜನರ ವಾದ, ಬಡವರ ಚಿಕಿತ್ಸೆ ಲಾಭದ ಲೆಕ್ಕಕ್ಕೆ ಸಿಗಬಾರದು ಎಂಬುದು. ಆ ಬಡವರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಇದ್ದಾರೆ. ಜಿಲ್ಲೆಯ ಶಾಸಕರು, ಸಚಿವರು ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಎಲೆಕ್ಟ್ರೋಲಿಸಿಸ್ ಘಟಕ ತೆರೆಯಲು ಮುಂದಿನ ಬಜೆಟ್ಟಿನಲ್ಲೇ ಹಣ ಕೇಳಲಿ. ಸರ್ಕಾರವೂ ಆಯುಷ್ಮಾನ್ ಯೋಜನೆಯ ಚಿಕಿತ್ಸೆಗಳ ಪಟ್ಟಿಯಲ್ಲಿ ಅದರ ಹೆಸರನ್ನು ಸ್ಪಷ್ಟವಾಗಿ ಬರೆಸಲಿ.