ಸಾಲ, ಬಡ್ಡಿ ಮತ್ತು ಊಟದ ಮೇಜಿನ ಕನ್ನಡ

ಡಿಸೆಂಬರ್‌ನಲ್ಲಿ ಊರಿಗೆ ಹೋಗಿಬಂದವರ ಮನೆಗೆ ಜನವರಿಯಲ್ಲಿ ತಪ್ಪದೆ ಬರುವ ನೆಂಟ ಎಂದರೆ ಕಾರ್ಡ್ ಬಿಲ್. ನಾಲ್ಕು ಜನರ ಟಿಕೆಟ್, ಬಂಧುಗಳಿಗೆ ಉಡುಗೊರೆ, ಜೊತೆಗೆ ಇಲ್ಲಿನ ಡೇಕೇರ್ ಫೀಸು. ಬೇ ಏರಿಯಾದ ಬಾಡಿಗೆ ಕಟ್ಟಿ ಉಳಿದ ಹಣದಲ್ಲಿ ಇದೆಲ್ಲ ಹೊಂದುವುದು ಕಷ್ಟ. ಇಬ್ಬರಲ್ಲಿ ಒಬ್ಬರ ಕೆಲಸ ಹೋದರಂತೂ ಬಾಕಿ ಬೆಳೆಯಲು ಹೆಚ್ಚು ದಿನ ಬೇಡ. ಆದರೂ ನಮ್ಮ ಯಾವ ಪಾಟ್‌ಲಕ್‌ನಲ್ಲೂ ಈ ಮಾತು ಬರುವುದಿಲ್ಲ. ಮನೆ ಕೊಂಡದ್ದನ್ನು ಎಲ್ಲರೂ ಹೇಳುತ್ತಾರೆ, ಕಾರ್ಡ್ ಬಾಕಿಯನ್ನು ಯಾರೂ ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಗಂಡನ ಬಾಕಿ ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯದು ಗಂಡನಿಗೆ ಗೊತ್ತಿಲ್ಲ. ಏನೋ ಸರಿಯಿಲ್ಲ ಎಂಬುದು ಮಾತ್ರ ಮಕ್ಕಳಿಗೆ ಗೊತ್ತಾಗಿರುತ್ತದೆ.

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಹಣಕಾಸಿನ ಸಲಹೆಗಾರಳಲ್ಲ. ಆದರೆ ಸಾಲ ಎಂದರೆ ಕೊನೆಗೂ ಒಂದು ಲೆಕ್ಕ. ಕಾಗದದ ಮೇಲೆ ಬರೆದು ನೋಡಿದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಒಂದು ಕಾರ್ಡಿನಲ್ಲಿ 8,000 ಡಾಲರ್ ಬಾಕಿ ಇದೆ, ಬಡ್ಡಿ ವರ್ಷಕ್ಕೆ ಶೇ. 24 ಎಂದುಕೊಳ್ಳಿ. ತಿಂಗಳ ಬಡ್ಡಿಯೇ 160 ಡಾಲರ್. ಕನಿಷ್ಠ ಕಂತು ಎಂದರೆ ಸಾಮಾನ್ಯವಾಗಿ ಆ ಬಡ್ಡಿ ಮತ್ತು ಬಾಕಿಯ ಶೇ. 1. ಅಂದರೆ ಮೊದಲ ತಿಂಗಳು 240 ಡಾಲರ್. ಅಷ್ಟನ್ನೇ ಕಟ್ಟುತ್ತಾ ಹೋದರೆ 5 ವರ್ಷದಲ್ಲಿ ಸುಮಾರು 10,900 ಡಾಲರ್ ಕಟ್ಟಿರುತ್ತೀರಿ, ಆದರೂ ಸುಮಾರು 4,400 ಉಳಿದಿರುತ್ತದೆ. ಅದೇ ತಿಂಗಳಿಗೆ 314 ಡಾಲರ್ ಕಟ್ಟಿದರೆ 3 ವರ್ಷಕ್ಕೆ ಪೂರ್ತಿ ತೀರುತ್ತದೆ. 500 ಕಟ್ಟಿದರೆ 20 ತಿಂಗಳು ಸಾಕು. ಈ ಲೆಕ್ಕ ನಿಮ್ಮ ಬಿಲ್‌ನಲ್ಲೇ ಇದೆ. ಕನಿಷ್ಠ ಕಂತನ್ನೇ ಕಟ್ಟಿದರೆ ಎಷ್ಟು ವರ್ಷ, 3 ವರ್ಷದಲ್ಲಿ ತೀರಿಸಲು ತಿಂಗಳಿಗೆ ಎಷ್ಟು ಎಂದು ಮುದ್ರಿಸಬೇಕೆಂದು 2009ರ ಕಾರ್ಡ್ ಕಾಯ್ದೆ ಹೇಳುತ್ತದೆ. ಆ ಪುಟ್ಟ ಪಟ್ಟಿಯನ್ನು ಗಂಡ ಹೆಂಡತಿ ಒಟ್ಟಿಗೆ ಕುಳಿತು ಓದಿ.

ಹಲವು ಕಾರ್ಡುಗಳಿದ್ದರೆ ಎಲ್ಲಕ್ಕೂ ಕನಿಷ್ಠ ಕಂತು ಕಟ್ಟಿ, ಮಿಕ್ಕಿದ್ದನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಕಾರ್ಡಿಗೆ ಹಾಕಿ. ಲೆಕ್ಕದಲ್ಲಿ ಲಾಭ ಇದೇ. ಚಿಕ್ಕ ಸಾಲ ಮೊದಲು ತೀರಿದರೆ ಹುಮ್ಮಸ್ಸು ಬರುತ್ತದೆ ಎನ್ನುವವರು ಹಾಗೇ ಮಾಡಲಿ. ಅರ್ಧಕ್ಕೆ ಬಿಟ್ಟ ಜಾಣ ಯೋಜನೆಗಿಂತ ಕೊನೆಮುಟ್ಟಿದ ಸಾದಾ ಯೋಜನೆ ಮೇಲು. ಕೆಲಸ ಹೋಗಿದ್ದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಫೋನ್ ಮಾಡಿ, ಹಾರ್ಡ್‌ಶಿಪ್ ಪ್ರೋಗ್ರಾಂ ಇದೆಯೇ ಎಂದು ಕೇಳಿ. ಕೆಲವು ತಿಂಗಳ ಮಟ್ಟಿಗೆ ಬಡ್ಡಿ ಇಳಿಸುವ ಬ್ಯಾಂಕುಗಳಿವೆ, ಆದರೆ ಅವು ತಾವಾಗಿ ಬಂದು ಹೇಳುವುದಿಲ್ಲ.

ಇನ್ನೊಂದು ದಾರಿ ಕ್ರೆಡಿಟ್ ಯೂನಿಯನ್. ಇದು ನಮಗೆ ಹೊಸದೇನಲ್ಲ. ನಮ್ಮೂರುಗಳ ಪತ್ತಿನ ಸಹಕಾರ ಸಂಘದ್ದೇ ಅಮೆರಿಕನ್ ರೂಪ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಅಮೆರಿಕದ ಮೊದಲ ಕ್ರೆಡಿಟ್ ಯೂನಿಯನ್ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ ಬಾಗಿಲು ತೆರೆದದ್ದು 1908ರಲ್ಲಿ. ಫೆಡರಲ್ ಕ್ರೆಡಿಟ್ ಯೂನಿಯನ್‌ಗಳು ಸಾಮಾನ್ಯ ಸಾಲಕ್ಕೆ ಶೇ. 18ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಶೇ. 24ರ ಕಾರ್ಡ್ ಸಾಲವನ್ನು ಅಲ್ಲಿಗೆ ವರ್ಗಾಯಿಸಿದರೆ ಉಳಿತಾಯವೇ. ಆದರೆ ಖಾಲಿಯಾದ ಕಾರ್ಡನ್ನು ಮತ್ತೆ ಉಜ್ಜಬಾರದು.

ಹಳೆಯ ಸಾಲದ ಕಥೆ ಬೇರೆ. ಓದುವ ಕಾಲದಲ್ಲಿ ಮಾಡಿ, ಊರು ಬದಲಿಸಿ, ಮರೆತೇಬಿಟ್ಟ ಸಾಲಕ್ಕೆ ವರ್ಷಗಳ ನಂತರ ವಸೂಲಿ ಕಂಪನಿಯ ಫೋನ್ ಬರುತ್ತದೆ. ಕೂಡಲೇ ಹಣ ಕಟ್ಟಬೇಡಿ, ಕಾರ್ಡ್ ನಂಬರ್ ಕೊಡಬೇಡಿ. ಅವರ ಲಿಖಿತ ನೋಟಿಸ್ ಬಂದ 30 ದಿನದೊಳಗೆ, ಈ ಸಾಲ ನಮ್ಮದೆನ್ನಲು ಆಧಾರ ಕೊಡಿ ಎಂದು ಪತ್ರ ಬರೆಯುವ ಹಕ್ಕು 1977ರ ಕಾಯ್ದೆಯಿಂದ ಬಂದಿದೆ. ಜೈಲಿಗೆ ಹಾಕಿಸುತ್ತೇವೆ ಎಂದು ಹೆದರಿಸುವುದು, ನೆಂಟರಿಷ್ಟರಿಗೆ ಸಾಲದ ವಿಷಯ ಹೇಳುವುದು ಅದೇ ಕಾಯ್ದೆಯ ಪ್ರಕಾರ ತಪ್ಪು.

ಇಲ್ಲಿ ಎರಡು ಗಡುವುಗಳಿವೆ, ಒಂದನ್ನು ಇನ್ನೊಂದೆಂದು ತಿಳಿಯಬಾರದು. ಕ್ಯಾಲಿಫೋರ್ನಿಯಾದಲ್ಲಿ ಕಾರ್ಡ್ ಸಾಲಕ್ಕೆ ಕೋರ್ಟಿಗೆ ಹೋಗಲು ಇರುವ ಅವಧಿ ಸಾಮಾನ್ಯವಾಗಿ 4 ವರ್ಷ. ಕ್ರೆಡಿಟ್ ರಿಪೋರ್ಟಿನಲ್ಲಿ ಆ ಕಲೆ ಉಳಿಯುವುದು 7 ವರ್ಷ. ಸಾಲ ಬೇರೆ ಕಂಪನಿಗೆ ಮಾರಾಟವಾದರೂ ಆ ಎಣಿಕೆ ಮೊದಲಿನಿಂದ ಶುರುವಾಗುವುದಿಲ್ಲ. ಕೋರ್ಟಿನ ಅವಧಿ ಹಾಗಲ್ಲ. ಹಲವು ರಾಜ್ಯಗಳಲ್ಲಿ ಸ್ವಲ್ಪ ಹಣ ಕಟ್ಟಿದರೂ ಅದು ಮತ್ತೆ ಆರಂಭವಾಗಬಹುದು, ಆದ್ದರಿಂದ ತೀರಾ ಹಳೆಯ ಸಾಲಕ್ಕೆ ಹಣ ಕಟ್ಟುವ ಮೊದಲು ವಕೀಲರನ್ನು ಕೇಳಿ. ಕೋರ್ಟಿನ ಸಮನ್ಸ್ ಬಂದರೆ ಮಾತ್ರ ಸುಮ್ಮನಿರಬೇಡಿ. ಇಲ್ಲಿ ಉತ್ತರ ಸಲ್ಲಿಸಲು 30 ದಿನ ಕಾಲಾವಕಾಶ ಇರುತ್ತದೆ. ಕಡಿಮೆ ಮೊತ್ತಕ್ಕೆ ರಾಜಿಯಾದರೆ ಅದನ್ನು ಬರಹದಲ್ಲಿ ಪಡೆದ ಮೇಲೆಯೇ ಹಣ ಕೊಡಿ. ಮನ್ನಾ ಆದ ಮೊತ್ತ 600 ಡಾಲರ್ ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ 1099-ಸಿ ಫಾರಂ ಬರುತ್ತದೆ, ಅದನ್ನು ಆದಾಯವೆಂದು ತೆರಿಗೆಗೆ ಲೆಕ್ಕ ಹಿಡಿಯಬಹುದು.

ಮಕ್ಕಳಿರುವ ಮನೆಗೆ ಇನ್ನೊಂದು ಮಾತು. 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಆಸ್ಪತ್ರೆ ಸಾಲವನ್ನು ಕ್ರೆಡಿಟ್ ರಿಪೋರ್ಟಿಗೆ ಸೇರಿಸುವಂತಿಲ್ಲ. ಆದರೆ ಆ ಬಿಲ್ಲನ್ನು ಸಾಮಾನ್ಯ ಕಾರ್ಡಿನಲ್ಲಿ ಕಟ್ಟಿದರೆ ಅದು ಬರೀ ಕಾರ್ಡ್ ಸಾಲವಾಗಿ ಈ ರಕ್ಷಣೆ ಕಳೆದುಕೊಳ್ಳುತ್ತದೆ. ಮೊದಲು ಆಸ್ಪತ್ರೆಯವರ ಬಳಿಯೇ ಕಂತು ಕೇಳಿ.

ಇನ್ನು ಸ್ಕೋರ್. ಇದರ ತವರೂ ನಮ್ಮ ನೆರೆಯೇ. ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಪರಿಚಯವಾದ ಎಂಜಿನಿಯರ್ ಬಿಲ್ ಫೇರ್ ಮತ್ತು ಗಣಿತಜ್ಞ ಅರ್ಲ್ ಐಸಾಕ್ 1956ರಲ್ಲಿ ಕಂಪನಿ ಕಟ್ಟಿದರು. ಅವರ ಹೆಸರಿನ ಫೈಕೋ ಸ್ಕೋರ್ 300ರಿಂದ 850ರವರೆಗೆ ಇರುತ್ತದೆ. ಅದರಲ್ಲಿ ಶೇ. 35 ಭಾಗ ಸಮಯಕ್ಕೆ ಕಟ್ಟಿದ್ದೀರಾ ಎಂಬುದಕ್ಕೆ, ಶೇ. 30 ಎಷ್ಟು ಬಾಕಿ ಇದೆ ಎಂಬುದಕ್ಕೆ, ಶೇ. 15 ಖಾತೆಗಳ ವಯಸ್ಸಿಗೆ, ಉಳಿದದ್ದು ಹೊಸ ಅರ್ಜಿಗಳಿಗೆ ಮತ್ತು ಸಾಲದ ಬಗೆಗಳಿಗೆ. ಸಂಬಳಕ್ಕೆ, ಪದವಿಗೆ ಇದರಲ್ಲಿ ಜಾಗವಿಲ್ಲ. ಊರಿನ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿನ ರಿಪೋರ್ಟಿನಲ್ಲಿ ಕಾಣುವುದಿಲ್ಲ.

ಹಾಗಾಗಿ ರಿಪೇರಿಯೂ ಸರಳ, ನಿಧಾನ. ಕನಿಷ್ಠ ಕಂತಿಗೆ ಆಟೋಪೇ ಹಾಕಿ. ಬಾಕಿಯನ್ನು ಮಿತಿಯ ಶೇ. 30ಕ್ಕಿಂತ ಕೆಳಗೆ ತನ್ನಿ. ವಾರ್ಷಿಕ ಶುಲ್ಕವಿಲ್ಲದ ಹಳೆಯ ಕಾರ್ಡನ್ನು ಮುಚ್ಚಬೇಡಿ. ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರ ರಿಪೋರ್ಟೂ ವಾರಕ್ಕೊಮ್ಮೆ ಉಚಿತ. ನಮ್ಮ ಉದ್ದ ಹೆಸರುಗಳ ಕಾಗುಣಿತ, ಇನಿಷಿಯಲ್, ಹಳೆಯ ವಿಳಾಸ ಎಲ್ಲವನ್ನೂ ನೋಡಿ. ನಿಮ್ಮದಲ್ಲದ ಖಾತೆ ಇದ್ದರೆ ಆಕ್ಷೇಪಣೆ ಸಲ್ಲಿಸಿ, ಸಾಮಾನ್ಯವಾಗಿ 30 ದಿನದಲ್ಲಿ ಅವರು ತನಿಖೆ ಮುಗಿಸಬೇಕು. ಸ್ಕೋರ್ ಸರಿಮಾಡುತ್ತೇವೆ, ಮೊದಲು ದುಡ್ಡು ಕೊಡಿ ಎನ್ನುವ ಕಂಪನಿಗಳಿಂದ ದೂರವಿರಿ. ಕೆಲಸ ಮುಗಿಸುವ ಮೊದಲೇ ಶುಲ್ಕ ಪಡೆಯುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ.

ಇಷ್ಟು ಹೇಳಿ ಮಕ್ಕಳ ಮಾತು ಬಿಟ್ಟರೆ ಈ ಅಂಕಣಕ್ಕೆ ಅರ್ಥವಿಲ್ಲ. ನಮ್ಮ ಮಕ್ಕಳಿಗೆ ಹಣ್ಣು, ಬಣ್ಣ, ಹಬ್ಬದ ಕನ್ನಡ ಬರುತ್ತದೆ, ಹಣದ ಕನ್ನಡ ಬರುವುದಿಲ್ಲ. ಅಸಲು, ಬಡ್ಡಿ, ಚಕ್ರಬಡ್ಡಿ, ಕಂತು, ಬಾಕಿ, ಗಡುವು, ಜಾಮೀನು, ಉಳಿತಾಯ. ಇವು ಅಜ್ಜ ಅಜ್ಜಿ ದಿನವೂ ಬಳಸಿದ ಮಾತುಗಳು. ಏಳೆಂಟು ವರ್ಷದ ಮಗುವಿಗೆ ಹತ್ತು ದ್ರಾಕ್ಷಿ ಸಾಲ ಕೊಟ್ಟು ನಾಳೆ ಹನ್ನೊಂದು ಕೇಳಿ. ನಾಳೆ ಕೊಡದಿದ್ದರೆ ನಾಡಿದ್ದು ಹನ್ನೆರಡಕ್ಕೂ ಸ್ವಲ್ಪ ಹೆಚ್ಚು. ಆ "ಸ್ವಲ್ಪ ಹೆಚ್ಚು" ಎಲ್ಲಿಂದ ಬಂತು ಎಂದು ಮಗು ಕೇಳಿದ ದಿನ ಚಕ್ರಬಡ್ಡಿ ಅರ್ಥವಾಯಿತು ಎಂದೇ ತಿಳಿಯಿರಿ. ಅಜ್ಜಿಗೆ ಫೋನ್ ಮಾಡಿಸಿ, ಸಾಸಿವೆ ಡಬ್ಬಿಯಲ್ಲಿ ದುಡ್ಡು ಯಾಕೆ ಇಡುತ್ತಿದ್ದಿರಿ ಎಂದು ಕೇಳಿಸಿ.

ಹದಿಹರೆಯದವರಿಗೆ ಬಿಲ್ಲನ್ನೇ ತೋರಿಸಿ. ಹೆದರಿಸಬೇಡಿ, ಅವರ ಮೇಲೆ ಭಾರ ಹೊರಿಸಬೇಡಿ. "ನಮಗೆ ಇಷ್ಟು ಸಾಲ ಇದೆ, ತಿಂಗಳಿಗೆ ಇಷ್ಟು ಕಟ್ಟುತ್ತೇವೆ, ಮುಂದಿನ ವರ್ಷ ಈ ಹೊತ್ತಿಗೆ ತೀರುತ್ತದೆ" ಎಂದರೆ ಸಾಕು. ಗುಟ್ಟಾಗಿ ಜಗಳವಾಡುವ ಅಪ್ಪ ಅಮ್ಮನಿಗಿಂತ ಮೇಜಿನ ಮೇಲೆ ಲೆಕ್ಕ ಇಟ್ಟು ಮಾತಾಡುವ ಅಪ್ಪ ಅಮ್ಮ ಮಕ್ಕಳಿಗೆ ಹೆಚ್ಚು ಧೈರ್ಯ ಕೊಡುತ್ತಾರೆ. ಹದಿನೆಂಟಾದ ಮೇಲೆ ಅವರ ಕೈಗೂ ಕಾರ್ಡ್ ಬರುತ್ತದೆ. ಅಷ್ಟರಲ್ಲಿ ಬಡ್ಡಿ ಎಂಬ ಪದ ಅವರಿಗೆ ಕನ್ನಡದಲ್ಲೂ ಗೊತ್ತಿರಲಿ.