ಬೀಗದ ಕೈ ಯಾರ ಸೊಂಟದಲ್ಲಿ?

"ಮೇಡಂ, ಅದನ್ನೆಲ್ಲ ನೀವು ಮುಟ್ಟೋಕೆ ಹೋಗ್ಬೇಡಿ."

ಈ ಮಾತನ್ನು ನಾನು ನಾಲ್ಕು ತಾಲ್ಲೂಕುಗಳಲ್ಲಿ ಕೇಳಿದ್ದೇನೆ. ನಾಗಮಂಗಲದ ಕಡೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನ ಟೈಪ್‌ರೈಟರ್ ವಿಷಯಕ್ಕೆ ಕೇಳಿದೆ. ಕೆ.ಆರ್. ಪೇಟೆಯಲ್ಲಿ ಭೂಪಟಗಳನ್ನಿಟ್ಟಿದ್ದ ಬೀರುವಿನ ವಿಷಯಕ್ಕೆ ಕೇಳಿದೆ. ಪಾಂಡವಪುರಕ್ಕೆ ವರ್ಗವಾಗಿ ಬಂದ ಮೇಲೆ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ಕೇಳಿದೆ. ಈಗ ಶ್ರೀರಂಗಪಟ್ಟಣದ ನನ್ನ ಸ್ವಂತ ಮನೆಯಲ್ಲಿ, ನಾನೇ ಹೆತ್ತ ಮಗನ ಬಾಯಿಂದ ಕೇಳುತ್ತಿದ್ದೇನೆ. ಅವನು 'ಮೇಡಂ' ಎನ್ನುವ ಜಾಗದಲ್ಲಿ 'ಅಮ್ಮಾ' ಎನ್ನುತ್ತಾನೆ, ಅಷ್ಟೇ ವ್ಯತ್ಯಾಸ.

ನಾನು ಓದಿದ್ದು ಬಿ.ಎ., ಬಿ.ಇಡಿ. ಕಲಿಸುವುದು ಸಮಾಜ ವಿಜ್ಞಾನ. ಅಂಥವಳು ಕಂಪ್ಯೂಟರಿನ ಒಳವಿಚಾರ ಹಿಡಿದು ಜಗಳಕ್ಕೆ ನಿಂತರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಆದರೆ ಈ ಜಗಳ ಯಂತ್ರದ ಮೇಲಲ್ಲ, ಬೀಗದ ಕೈಯ ಮೇಲೆ. ಆ ಜಗಳ ಹೆಂಗಸರಾದ ನಮಗೆ ಹೊಸದೇನಲ್ಲವಲ್ಲ!

ನಮ್ಮ ಸರ್ಕಾರಿ ಪ್ರೌಢಶಾಲೆಗಳ ಅನೇಕ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ಉಬುಂಟು ಎಂಬುದು ಇರುತ್ತದೆ. ಅದು ಲಿನಕ್ಸ್ ವಂಶದ್ದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು, ಕಾಸು ಕೊಡದೆ ಯಾರು ಬೇಕಾದರೂ ಹಾಕಿಕೊಳ್ಳಬಹುದಾದದ್ದು. 2011ರ ನಂತರ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ, ಆಮೇಲೆ ನಾವೆಲ್ಲ 'ಟಾಲ್ಪ್' ಎಂದು ಕರೆಯುವ ಕಾರ್ಯಕ್ರಮದಲ್ಲಿ ನಮ್ಮಂಥ ಎಷ್ಟೋ ಶಿಕ್ಷಕಿಯರು ಮೊದಲ ಸಲ ಮೌಸ್ ಹಿಡಿದದ್ದು ಇದರ ಮುಂದೆಯೇ. ನನಗಂತೂ ಅದು ತೌರಿನ ಹಾಗೆ ಆಗಿಬಿಟ್ಟಿತು.

ಲಿನಕ್ಸಿನಲ್ಲಿ ಎರಡು ಬಗೆಯ ಜನ. ಒಬ್ಬರು ನಮ್ಮ ನಿಮ್ಮಂಥವರು. ಅವರವರ ಕೋಣೆ, ಅವರವರ ಕಡತ. ಇನ್ನೊಬ್ಬ ಯಜಮಾನ. ಅವನ ಹೆಸರು 'ರೂಟ್', ಅಂದರೆ ಬೇರು. ಅವನಿಗೆ ತಡೆಯೇ ಇಲ್ಲ. ಮನೆಯ ತೊಲೆ ಕಿತ್ತು ಒಲೆಗೆ ಹಾಕು ಎಂದರೂ ಯಂತ್ರ 'ಹೂಂ' ಎಂದು ಹಾಕುತ್ತದೆ. ನಾವು ಸಾಮಾನ್ಯರಾಗಿದ್ದುಕೊಂಡೇ ಒಂದು ಗಳಿಗೆ ಯಜಮಾನನ ಅಧಿಕಾರ ಎರವಲು ಪಡೆಯಲು 'ಸುಡೋ' ಎಂಬ ಆಜ್ಞೆ ಇದೆ. 1980ರ ಸುಮಾರಿಗೆ ಅಮೆರಿಕದ ಬಫಲೋದ ವಿಶ್ವವಿದ್ಯಾಲಯದಲ್ಲಿ ಇಬ್ಬರು ಬರೆದದ್ದು. ನಮ್ಮ ಶಾಲೆಯ ಹುಡುಗಿಯರು ಅದನ್ನು 'ಸುಡು' ಎಂದೇ ಓದುತ್ತಾರೆ. ನಾನು ತಿದ್ದಲು ಹೋಗಿಲ್ಲ.

2017ರ ಮಾತು. ನಾನಾಗ ಪಾಂಡವಪುರ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಮಕ್ಕಳು ತೊಣ್ಣೂರು ಕೆರೆಯ ಮೇಲೆ ಒಂದು ಯೋಜನೆ ಮಾಡಿದ್ದರು. ಭಾನುವಾರಗಳಲ್ಲಿ ಹೋಗಿ ಅಜ್ಜಂದಿರನ್ನು ಮಾತಾಡಿಸಿ, ಏರಿ, ತೂಬು, ದೇವಸ್ಥಾನಗಳ ಫೋಟೋ ತೆಗೆದು, ಕನ್ನಡದಲ್ಲಿ ತಾವೇ ಬೆರಳಚ್ಚು ಮಾಡಿ ಕಂಪ್ಯೂಟರಿನಲ್ಲಿ ಜೋಡಿಸಿದ್ದರು. ಎರಡು ತಿಂಗಳ ಕೆಲಸ. ತಾಲ್ಲೂಕು ಮಟ್ಟದಲ್ಲಿ ತೋರಿಸಲು ಎರಡೇ ದಿನ ಉಳಿದಿತ್ತು. ಆಗ ತಿಂಗಳಿಗೊಮ್ಮೆ ಯಂತ್ರ ನೋಡಲು ಬರುವ ಹುಡುಗ ಬಂದ. ಒಳ್ಳೆಯ ಹುಡುಗನೇ. ಮಕ್ಕಳ ಕಡತಗಳು ಚೆಲ್ಲಾಪಿಲ್ಲಿಯಾಗಿವೆ ಎಂದು ಅವನಿಗೆ ಅನ್ನಿಸಿತು. ಕಡತ ಜೋಡಿಸುವ ಕಿಟಕಿಯನ್ನು ಸುಡೋ ಹಾಕಿ ತೆರೆದ. ನಾನು ಪಕ್ಕದಲ್ಲೇ ಇದ್ದೆ. "ಯಾಕಪ್ಪ, ಹಾಗೇ ತೆಗೆದರೆ ಆಗೋದಿಲ್ಲವಾ?" ಎಂದೆ. "ಮೇಡಂ, ಏನ್ ಮಾಡಿದ್ರೂ ಮುಂದೆ ಸುಡೋ ಹಾಕ್ಬಿಡಿ, ಯಾವ ರಗಳೆನೂ ಇರಲ್ಲ" ಎಂದ. ಎಲ್ಲವನ್ನೂ ಒಂದು ಹೊಸ ಫೋಲ್ಡರಿಗೆ ನಕಲು ಮಾಡಿ, ಹಳೆಯದನ್ನು ಅಳಿಸಿ, ಟೀ ಕುಡಿದು ಹೋದ.

ಮರುದಿನ ಮಕ್ಕಳು ಕಡತ ತೆರೆದರೆ ಪ್ರತಿಯೊಂದರ ಮೇಲೂ ಪುಟ್ಟ ಬೀಗದ ಗುರುತು. ಓದಬಹುದು, ಒಂದಕ್ಷರ ತಿದ್ದುವಂತಿಲ್ಲ. ನಕಲು ಮಾಡಿದವನು ಯಜಮಾನನ ವೇಷದಲ್ಲಿದ್ದನಲ್ಲ, ಹೊಸ ಪ್ರತಿಗಳೆಲ್ಲ ಯಜಮಾನನ ಹೆಸರಿಗೇ ಹುಟ್ಟಿದವು. ಅನುಭೋಗದಲ್ಲಿರುವವರು ಮಕ್ಕಳು, ಖಾತೆ ಮಾತ್ರ ಇನ್ಯಾರದೋ ಹೆಸರಿಗೆ! ಅದಕ್ಕಿಂತ ಕೆಟ್ಟದ್ದು ಪಕ್ಕದ ಯಂತ್ರದಲ್ಲಿ ಆಗಿತ್ತು. ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತೇವೆ, ಪರದೆ ಒಮ್ಮೆ ಕಪ್ಪಾಗುತ್ತದೆ, ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಹತ್ತು ಸಲ ಹಾಕಿದರೂ ಅದೇ ಕತೆ. ಪರದೆಯ ಒಳಗೆ ಬರಲು ಪ್ರತಿಯೊಬ್ಬರ ಕೋಣೆಯಲ್ಲೂ ಒಂದು ರಹದಾರಿ ಚೀಟಿ ಇರುತ್ತದೆ, 'ಎಕ್ಸ್‌ಅಥಾರಿಟಿ' ಎಂದು ಅದರ ಹೆಸರು. ಅದೂ ಯಜಮಾನನ ಹೆಸರಿಗೆ ಹೋಗಿತ್ತು. ತನ್ನ ಚೀಟಿಯನ್ನೇ ತಾನು ಓದಲಾಗದೆ ಯಂತ್ರ ಬಾಗಿಲಲ್ಲಿ ತಿರುಗುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಆಗಲೇ ತೀರ್ಪು ಆಗಿಹೋಗಿತ್ತು. "ಮೇಡಂ ಏನೋ ಒತ್ಬಿಟ್ಟಿದಾರೆ."

ಯಜಮಾನನ ಪಾಸ್‌ವರ್ಡ್ ಬರೆದ ಚೀಟಿ ಹೆಡ್‌ಮಾಸ್ಟರ ಡ್ರಾಯರಿನಲ್ಲಿತ್ತು. ಕೇಳಿದೆ. "ಹಾಳಾದ್ರೆ ಯಾರಮ್ಮ ಜವಾಬ್ದಾರಿ?" ಎಂದರು. "ಹಾಳಾಗಿ ಆಗಿದೆ ಸಾರ್, ಇನ್ನು ಸರಿಯಾಗೋದೊಂದೇ ಬಾಕಿ" ಎಂದೆ. ಕೊಟ್ಟರು.

ನನ್ನ ಜೊತೆ ಬಿ.ಇಡಿ. ಮಾಡಿದ ಗೆಳತಿಯೊಬ್ಬಳು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿದ್ದಾಳೆ. ಫೋನ್ ಮಾಡಿದೆ. ಅವಳು ಒಂದಿಷ್ಟೂ ಗಾಬರಿಯಾಗದೆ, ಸಾರಿಗೆ ಉಪ್ಪು ಹೇಳಿದಂತೆ, ಕಂಟ್ರೋಲ್, ಆಲ್ಟ್, ಎಫ್1 ಒಟ್ಟಿಗೆ ಒತ್ತಿ ಕಪ್ಪು ಪರದೆಗೆ ಹೋಗಲು ಹೇಳಿದಳು. ಅಲ್ಲಿ ಒಡೆತನ ಬದಲಿಸುವ ಒಂದೇ ಒಂದು ಸಾಲಿನ ಆಜ್ಞೆ. ಅಕ್ಷರ ಅಕ್ಷರ ಹೇಳಿ ಬರೆಸಿದಳು. ಚೀಟಿಗೆ ಒಂದು ಸಲ, ಕೆರೆಯ ಫೋಲ್ಡರಿಗೆ ಒಂದು ಸಲ. ಖಾತೆ ಮಕ್ಕಳ ಹೆಸರಿಗೆ ಬಂತು. ಎಲ್ಲ ಸೇರಿ ಹದಿನೈದು ನಿಮಿಷ.

ಆ ಹದಿನೈದು ನಿಮಿಷದ ನಂತರ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹುಡುಗನ ಮೇಲಲ್ಲ. 'ನೀವು ಮುಟ್ಟಬೇಡಿ' ಎಂಬ ಮಾತು ಮತ್ತು 'ಎಲ್ಲಕ್ಕೂ ಸುಡೋ ಹಾಕ್ಬಿಡಿ' ಎಂಬ ಮಾತು, ಇವೆರಡೂ ಒಂದೇ ಬಾಯಿಂದ ಬರುತ್ತವಲ್ಲ, ಅದರ ಮೇಲೆ. ಮೊದಲನೆಯದು ಬೀಗದ ಕೈ ಕೊಡುವುದಿಲ್ಲ. ಎರಡನೆಯದು ಮನೆಯ ಎಲ್ಲ ಬಾಗಿಲೂ ಹಾರು ಹೊಡೆದು ಮಲಗು ಎನ್ನುತ್ತದೆ. ಯಾವ ಬಾಗಿಲಿಗೆ ಯಾವ ಕೈ ಎಂದು ಕೂತು ಹೇಳಿಕೊಡುವ ಪುಣ್ಯಾತ್ಮ ಮಾತ್ರ ಸಿಗುವುದಿಲ್ಲ.

ಮೇಲುಕೋಟೆಯ ವೈರಮುಡಿ ನಿಮಗೆಲ್ಲ ಗೊತ್ತಿದೆ. ನಮ್ಮ ಪಾಂಡವಪುರ ತಾಲ್ಲೂಕಿನದೇ ಉತ್ಸವ. ವಜ್ರದ ಆ ಕಿರೀಟ ವರ್ಷವಿಡೀ ಇರುವುದು ಮಂಡ್ಯದ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಎದುರಿನಲ್ಲಿ ಹೊರಗೆ ತೆಗೆದು, ಪೊಲೀಸ್ ಕಾವಲಿನಲ್ಲಿ, ದಾರಿಯ ಊರುಗಳ ಪೂಜೆ ಪಡೆಯುತ್ತ ಮೇಲುಕೋಟೆಗೆ ತರುತ್ತಾರೆ. ಚೆಲುವನಾರಾಯಣಸ್ವಾಮಿಗೆ ರಾತ್ರಿ ಧರಿಸುತ್ತಾರೆ, ಉತ್ಸವ ಮುಗಿದ ಮೇಲೆ ಖಜಾನೆಗೆ ವಾಪಸ್ಸು. ಸಾಕ್ಷಾತ್ ಸ್ವಾಮಿಗೇ ಅದು ಒಂದು ರಾತ್ರಿಯ ಒಡವೆ! ಸುಡೋ ಇರುವುದೂ ಹೀಗೆಯೇ. ಒಂದು ಕೆಲಸಕ್ಕೆ ತೆಗೆ, ಮುಗಿಸು, ಇಡು. ಯಾರು, ಎಷ್ಟು ಹೊತ್ತಿಗೆ, ಯಾವ ಕೆಲಸಕ್ಕೆ ತೆಗೆದರು ಎಂದು ಯಂತ್ರ ಒಳಗೆ ದಾಖಲೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಉಬುಂಟು ಮಾಡಿದವರು 2004ರ ಮೊದಲ ಆವೃತ್ತಿಯಿಂದಲೂ ನೇರವಾಗಿ ಯಜಮಾನನಾಗಿ ಒಳಗೆ ಬರುವ ಬಾಗಿಲನ್ನೇ ಮುಚ್ಚಿಟ್ಟಿದ್ದಾರೆ. ನಮ್ಮ ಜಾಣರು ಮಾತ್ರ ವೈರಮುಡಿ ತಲೆಗಿಟ್ಟುಕೊಂಡೇ ಸಂತೆಗೂ ಹೋಗುತ್ತಾರೆ, ಸೆಗಣಿಯನ್ನೂ ಬಾಚುತ್ತಾರೆ.

"ಆಜ್ಞೆ ಕೊಟ್ಟರೂ ಅದೇ ಅಧಿಕಾರ, ಕಿಟಕಿ ತೆರೆದರೂ ಅದೇ ಅಧಿಕಾರ, ಏನು ವ್ಯತ್ಯಾಸ ಅಮ್ಮಾ?" ಎಂದು ನನ್ನ ಮಗ ವಾದ ಮಾಡುತ್ತಾನೆ. ವ್ಯತ್ಯಾಸ ಇದೆ. ಕಪ್ಪು ಪರದೆಯಲ್ಲಿ ಬರೆದ ಆಜ್ಞೆ ಒಂದು ಕೆಲಸ ಮಾಡಿ ಮುಗಿಯುತ್ತದೆ. ಕಿಟಕಿಯಿರುವ ಕಾರ್ಯಕ್ರಮ ಹಾಗಲ್ಲ. ಅದು ಬರುವಾಗ ಮದುವೆ ದಿಬ್ಬಣದ ಹಾಗೆ ಬರುತ್ತದೆ. ಅಕ್ಷರ ಬಿಡಿಸುವವರು, ಚಿತ್ರ ತೋರಿಸುವವರು, ಬಣ್ಣ ಹಚ್ಚುವವರು, ನಿಮ್ಮ ಹಳೆಯ ಅಭ್ಯಾಸಗಳನ್ನು ನಿಮ್ಮ ಕೋಣೆಯಲ್ಲಿ ಬರೆದಿಡುವವರು, ಎಲ್ಲ ಸೇರಿ ಲಕ್ಷಾಂತರ ಸಾಲಿನ ಬರಹ. ನೀವು ಅಧಿಕಾರ ಕೊಟ್ಟದ್ದು ಮದುಮಗನಿಗೆ. ಅದು ಸಿಕ್ಕಿದ್ದು ಓಲಗದವನಿಂದ ಹಿಡಿದು ದಾರಿಯಲ್ಲಿ ಸೇರಿಕೊಂಡವನವರೆಗೆ ಎಲ್ಲರಿಗೂ. ಸಾಲದ್ದಕ್ಕೆ, ಹಳೆಯ 'ಎಕ್ಸ್' ಪದ್ಧತಿಯ ಪರದೆಯಲ್ಲಿ ಒಂದು ಕಿಟಕಿಗೆ ಒತ್ತಿದ ಅಕ್ಷರವನ್ನು ಪಕ್ಕದ ಕಿಟಕಿ ಕದ್ದು ಕೇಳಬಹುದು, ಅದರೊಳಗೆ ತಾನೇ ಅಕ್ಷರ ಒತ್ತಲೂಬಹುದು. ವಠಾರದ ತಡಿಕೆ ಗೋಡೆಯಿದ್ದಂತೆ! ಮೌಸ್ ಒಂದು ಜಾರಿದರೆ ಆಗುವುದನ್ನಂತೂ ನಾನು ಹೇಳಬೇಕಿಲ್ಲ. ಯಂತ್ರದ ಪ್ರಾಣವಿರುವ ಫೋಲ್ಡರ್ ಒಂದನ್ನು ಎಳೆದು ಇನ್ನೊಂದರೊಳಗೆ ಹಾಕಿದರೆ, ಸಾಮಾನ್ಯರಿಗೆ ಅದು 'ನಿಮಗೆ ಅನುಮತಿ ಇಲ್ಲ' ಎನ್ನುತ್ತದೆ. ಯಜಮಾನನಿಗೆ ಏನೂ ಹೇಳುವುದಿಲ್ಲ.

ಲಿನಕ್ಸ್ ಕಟ್ಟುವವರೇ ಇದನ್ನು ಒಪ್ಪಿದ್ದಾರೆ. 2017ರ ಅಕ್ಟೋಬರಿನಲ್ಲಿ ಬಂದ ಉಬುಂಟು 17.10ರಲ್ಲಿ 'ವೇಲ್ಯಾಂಡ್' ಎಂಬ ಹೊಸ ಪರದೆ ಬಂತು. ಸುಡೋ ಹಾಕಿ ಕಿಟಕಿ ತೆರೆಯುವವರನ್ನು ಅದು ಬಾಗಿಲಲ್ಲೇ ತಡೆಯಿತು. ಮರು ವರ್ಷ 18.04ರಲ್ಲಿ, ಕಿಟಕಿಗಳಿಗೆ ಯಜಮಾನಿಕೆ ಕೊಡಲೆಂದೇ ಇದ್ದ 'ಜಿಕೆಸುಡೋ' ಎಂಬ ಹಳೆಯ ಸಾಧನವನ್ನೇ ತೆಗೆದುಹಾಕಿದರು. ಸರಿ, ಪಾಠ ಕಲಿತರಾ ನಮ್ಮ ಜಾಣರು? ಇಲ್ಲ. 'ಎಕ್ಸ್‌ಹೋಸ್ಟ್ ಪ್ಲಸ್' ಎಂದು ಬರೆದರೆ ತಡೆ ಮಾಯ ಎಂದು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಆ ಆಜ್ಞೆಯ ಅರ್ಥ, 'ಯಾರು ಬಂದರೂ ಪರದೆಗೆ ಬಿಡು' ಎಂದು. ಬಾಗಿಲು ಬಿಗಿಯಾಗಿದೆ ಎಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಹಾಗಾದರೆ ಕಿಟಕಿಯಲ್ಲಿ ಯಜಮಾನನ ಕೆಲಸ ಮಾಡುವುದೇ ಬೇಡವೇ? ಬೇಕು, ಅದಕ್ಕೆ ದಾರಿಯೂ ಇದೆ. ದಿನಾಂಕ ಬದಲಿಸಲು ಹೋದಾಗ, ಹೊಸ ಕಾರ್ಯಕ್ರಮ ಸೇರಿಸಲು ಹೋದಾಗ ಕಿಟಕಿ ನಿಮ್ಮ ಹೆಸರಿನಲ್ಲೇ ನಡೆಯುತ್ತಿರುತ್ತದೆ. ಆ ಒಂದು ಹೆಜ್ಜೆಗೆ ಮಾತ್ರ ಪಾಸ್‌ವರ್ಡ್ ಕೇಳುತ್ತದೆ. 'ಪೋಲ್‌ಕಿಟ್' ಎಂಬುದು ಒಳಗೆ ಕೂತು ಅದನ್ನು ನೋಡಿಕೊಳ್ಳುತ್ತದೆ. ಯಂತ್ರದ ಕಡತವೊಂದನ್ನು ತಿದ್ದಲೇಬೇಕಾದರೆ 'ಸುಡೋಎಡಿಟ್' ಇದೆ. ನೀವು ತಿದ್ದುವುದು ನಕಲನ್ನು, ಕೊನೆಯಲ್ಲಿ ಅದನ್ನು ಸ್ವಸ್ಥಾನಕ್ಕೆ ಇಡುವುದಕ್ಕೆ ಮಾತ್ರ ಅಧಿಕಾರ. ಇಷ್ಟು ಹೇಳಿಕೊಡಲು ಎಷ್ಟು ಹೊತ್ತು ಬೇಕು? ನಾನು ಎಂಟನೆಯ ತರಗತಿಗೆ ಅರ್ಧ ಪೀರಿಯಡ್‌ನಲ್ಲಿ ಹೇಳಿದ್ದೇನೆ.

"ಯಂತ್ರ ನನ್ನದು, ನಾನು ಹೇಗಾದರೂ ಆಳುತ್ತೇನೆ" ಎನ್ನುವವರಿದ್ದಾರೆ. ಆಳಲಿ. ನನ್ನ ತಕರಾರು ಹತ್ತು ಮಕ್ಕಳು ಕೂರುವ ಯಂತ್ರದ ಬಗ್ಗೆ, ಗಂಡ, ಮಗ, ಅತ್ತೆ, ಸೊಸೆ ಎಲ್ಲರೂ ಬಳಸುವ ಮನೆಯ ಯಂತ್ರದ ಬಗ್ಗೆ. ಅಲ್ಲಿ ಒಬ್ಬನ ಸೋಮಾರಿತನಕ್ಕೆ ಇನ್ನೊಬ್ಬರ ಫೋಟೋ, ಲೆಕ್ಕ, ಕಾಗದ ಪತ್ರ ಬಲಿಯಾಗುತ್ತದೆ. ಕೆಟ್ಟ ಮೇಲೆ ಅಪವಾದ ಮಾತ್ರ ಯಾರು ಆ ಕೋಣೆಗೆ ಪೊರಕೆ ಹಿಡಿದು ಹೋಗಿದ್ದಳೋ ಅವಳಿಗೆ.

ನನ್ನ ಕಾಸರಗೋಡಿನ ಗೆಳತಿ ಅಷ್ಟು ನಿರಾಳವಾಗಿದ್ದುದು ಹೇಗೆ ಎಂದು ಆಮೇಲೆ ವಿಚಾರಿಸಿದೆ. ಕೇರಳದಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಶುರುವಾಯಿತು, 2017ರಲ್ಲಿ ಅದೇ 'ಕೈಟ್' ಎಂಬ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳಲ್ಲಿ ಲಿನಕ್ಸೇ. ಪ್ರತಿ ಶಾಲೆಯಲ್ಲೂ ಒಬ್ಬ ಶಿಕ್ಷಕರನ್ನೋ ಶಿಕ್ಷಕಿಯನ್ನೋ ಐ.ಟಿ. ಹೊಣೆಗೆ ಗೊತ್ತುಮಾಡಿ ತರಬೇತಿ ಕೊಡುತ್ತಾರೆ. 2018ರಲ್ಲಿ 'ಲಿಟಲ್ ಕೈಟ್ಸ್' ಎಂದು ಮಕ್ಕಳ ಕೂಟಗಳನ್ನೂ ಮಾಡಿದರು. "ನಮ್ಮಲ್ಲಿ ಪಾಸ್‌ವರ್ಡ್ ಇರೋದು ಟೀಚರ ಹತ್ತಿರ ಮಾರಾಯ್ತಿ, ಡ್ರಾಯರಿನಲ್ಲಲ್ಲ" ಎಂದಳು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ನನ್ನ ಅತ್ತೆಯ ಸೊಂಟದಲ್ಲಿ ಬೀಗದ ಕೈ ಗೊಂಚಲು ಸದಾ ಇರುತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಒಂದು ದಿನ ಅಕ್ಕಿ ಕೋಣೆಯ ಕೈ ಒಂದನ್ನು ಬಿಚ್ಚಿ ಕೊಟ್ಟರು. "ತಗೊ, ತೆಗೆದಾದ್ ಮೇಲೆ ಹಾಕ್ಬೇಕು, ಅಷ್ಟೇಯ" ಎಂದರು. ಅದಕ್ಕಿಂತ ಚೆನ್ನಾಗಿ ಯಾವ ತರಬೇತಿಯಲ್ಲೂ ಈ ವಿಷಯವನ್ನು ನನಗೆ ಯಾರೂ ಹೇಳಲಿಲ್ಲ. ಆದರೆ ಹನ್ನೊಂದು ವರ್ಷ ಯಾಕೆ ಬೇಕಾಯಿತು ಎಂದು ಕೇಳಲು ಅವರೀಗ ಇಲ್ಲ.

ಕಳೆದ ದಸರಾ ರಜೆಗೆ ಮಗ ಬಂದಿದ್ದ. ಮನೆಯ ಕಂಪ್ಯೂಟರಿನಲ್ಲಿ ಏನೋ ನಿಧಾನವೆಂದು ಕೂತು, ಅಭ್ಯಾಸಬಲದಿಂದ ಸುಡೋ ಎಂದು ಬರೆದು ಕಡತದ ಕಿಟಕಿಯ ಹೆಸರು ಬರೆಯತೊಡಗಿದ. ಪಾಸ್‌ವರ್ಡ್ ಕೇಳಿತು. ಅವನಿಗೆ ಗೊತ್ತಿರುವ ಹಳೆಯದನ್ನು ಹಾಕಿದ. ತಪ್ಪು ಎಂದಿತು. ಮತ್ತೊಮ್ಮೆ ಹಾಕಿದ. ಮತ್ತೂ ತಪ್ಪು.

"ಅಮ್ಮಾ, ಪಾಸ್‌ವರ್ಡ್ ಬದಲಾಯಿಸಿದ್ಯಾ?"

ನಾನು ಅಡುಗೆಮನೆಯಿಂದಲೇ ಕೇಳಿದೆ, "ಯಾವ ಕೆಲಸಕ್ಕೆ ಬೇಕಪ್ಪ?"